ಬಿಳಿಯೊಳಗಿನ ಅರಿಶಿನ

ಮೂರನೇ ಕಿಟಕಿಯ ತೂತು ಅಂಗೈ ಅಗಲ.
ಅದರಾಚೆ ಮುಖ ಪೂರ್ತಿ ಕಾಣುವುದಿಲ್ಲ,
ಬಗ್ಗಿ ನೋಡುವವರ ಕಣ್ಣಷ್ಟೇ.
ಹೆಸರು? ವಯಸ್ಸು? ಊರು? ಯಾವ ಡಾಕ್ಟ್ರು?
ದಿನಕ್ಕೆ ಮುನ್ನೂರು ಜೊತೆ ಕಣ್ಣು,
ತಿಂಗಳಿಗೆ ಹನ್ನೊಂದು ಸಾವಿರ,
ಪಿಎಫ್ ಕಳೆದು.

"ಎರಡು ವರ್ಷ ತಡಿ ಫರ್ಜಾನಾ,
ಐದನೇ ಕಿಟಕಿಗೆ ಹಾಕ್ತೀನಿ, ಕ್ಯಾಶು"
ಅನ್ನುತ್ತಾರೆ ಸೂಪರ್‌ವೈಸರ್ ರೇವಣಪ್ಪ.
ಮೂರರಿಂದ ಐದಕ್ಕೆ ಎಂಟು ಹೆಜ್ಜೆ.
ಅಳೆದು ನೋಡಿದ್ದೇನೆ.

ನಮ್ಮ ಬಾಷಾ ನಗರದಲ್ಲಿ ಕೆಲಸಕ್ಕೆ ಇರುವ ಹೆಸರೇ ಏಳೆಂಟು:
ಭಟ್ಟಿ, ಬೀಡಿ, ಗ್ಯಾರೇಜು, ಹೊಲಿಗೆ,
ಓದಿದರೆ ಟೀಚರು, ನರ್ಸು,
ಇನ್ನೂ ಓದಿದರೆ ಬ್ಯಾಂಕು.
ಎಂಟನೆಯದು ನನ್ನದು:
"ಆಸ್ಪತ್ರೇಲಿ ಕೂತ್ಕೊಂಡು ಮಾಡೋದು."
ಆ 'ಕೂತ್ಕೊಂಡು' ಅನ್ನುವುದೇ ಅಮ್ಮಿಗೆ ದೊಡ್ಡದು.
ಮೂವತ್ತು ವರ್ಷ ನಿಂತೇ ಮಂಡಕ್ಕಿ ಹುರಿದವಳು.

ಲಿಫ್ಟು ಕೆಟ್ಟ ಒಂದು ಮಂಗಳವಾರ
ಫೈಲು ಹಿಡಿದು ಹಿಂದಿನ ಮೆಟ್ಟಿಲಿಳಿದೆ.
ಎಕ್ಸ್‌ರೇ ದಾಟಿ, ಮುರಿದ ಗಾಲಿಕುರ್ಚಿಗಳ ರಾಶಿ ದಾಟಿ
ಬೋರ್ಡಿಲ್ಲದ ಬಾಗಿಲು.
ಒಳಗೆ ಕುಕ್ಕರು ಕೂಗುತ್ತಿತ್ತು.
ಅನ್ನವಲ್ಲ,
ಕಣ್ಣು ಬೇಯುತ್ತಿತ್ತು.

ಮೌನೇಶಾಚಾರಿ ತಲೆ ಎತ್ತಲಿಲ್ಲ.
ನಾಲ್ಕು ಕೂದಲಿನ ಕುಂಚ, ಅಂಗಿ ಗುಂಡಿಯಷ್ಟು ಬಿಲ್ಲೆ,
ಅದಕ್ಕೆ ಬೆಲ್ಲದ ಬಣ್ಣ, ಅದರ ಮೇಲೆ ಹುಣಸೆಯದು,
ಅಂಚಿಗೆ ನೀರು ಬಿದ್ದ ಸ್ಲೇಟಿನದು.
ಕೆಂಪು ರೇಷ್ಮೆದಾರ ಸೀಳಿ, ಸೀಳಿದ್ದನ್ನು ಸೀಳಿ
ಬಿಳಿಯ ಮೇಲೆ ನರ ಮಲಗಿಸುತ್ತಿದ್ದರು.
"ಕಪ್ಪು ಕಣ್ಣು ಅನ್ನೋದು ಸುಳ್ಳಮ್ಮ.
ಮೂವತ್ತೆರಡು ವರ್ಷದಾಗೆ ಒಂದೂ ಕಂಡಿಲ್ಲ."

ಇದೂ ಒಂದು ಕೆಲಸವಾ? ಕೇಳಿಬಿಟ್ಟೆ.
"ಸಂಬಳ ಬರ್ತತಿ" ಅಂದರು.
"ನಮ್ಮಜ್ಜ ದೇವರ ಕಣ್ಣು ತೆರೀತಿದ್ದ.
ಯಾವ ದೇವರೂ ತಿರುಗಿ ಬಂದು
ಇದು ನಂದಲ್ಲ ಅನ್ನಲಿಲ್ಲ.
ಇಲ್ಲಿ ಅಂತಾರೆ."

ಅಂದೇಬಿಟ್ಟಳು ಹೊನ್ನೂರವ್ವ, ಜಗಳೂರು ಕಡೆಯವಳು,
ಎಮ್ಮೆಯ ಕೋಡಿಗೆ ಎಡಗಣ್ಣು ಕೊಟ್ಟವಳು.
ಹೊಸದನ್ನು ಇಟ್ಟುಕೊಂಡು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿ
"ಸೊಸಿ ಕಣ್ಣು ಇದ್ದಂಗೈತಿ ಇದು."
ಆಚಾರಿ ನರ ಎಣಿಸಿದರು.
ದೀಪ ಬದಲಿಸಿದರು. ಬೆಲ್ಲ ಸರಿ, ಹುಣಸೆ ಸರಿ.
ಫೈಲು ಹಿಡಿದು ಬಾಗಿಲಲ್ಲೇ ನಿಂತಿದ್ದ ನಾನು
"ಬಿಳಿ ಜಾಸ್ತಿಯಾಗಿದೆ ಸಾರ್.
ಒಲೆ ಮುಂದೆ ಇದ್ದವರದ್ದು ಹಿಂಗಿರಲ್ಲ.
ಮೂಲೆಗೆ ಒಂಚೂರು ಅರಿಶಿನ,
ಒಗ್ಗರಣೇದಲ್ಲ,
ಹಳೇ ಪೇಪರಿಂದು."

ಅದು ಅಮ್ಮಿಯ ಕಣ್ಣು.
ನನ್ನ ಕಿಟಕಿಗೆ ದಿನಾ ನಲವತ್ತು ಸಲ
ಬೇರೆ ಬೇರೆ ಊರಿಂದ ಬರುತ್ತದೆ.

ಆಗ ತಲೆ ಎತ್ತಿದರು. ನನ್ನನ್ನಲ್ಲ,
ನನ್ನ ಕಣ್ಣನ್ನು ನೋಡಿದರು.
"ಬಲಗಡೇದರಾಗೆ ಒಂದು ಚುಕ್ಕಿ ಐತಿ, ಗೊತ್ತಾ?"
ಇಪ್ಪತ್ತಮೂರು ವರ್ಷ.
ಗೊತ್ತಿರಲಿಲ್ಲ.

ಈಗ ಊಟದ ಅರ್ಧ ಗಂಟೆ ಅಲ್ಲಿ.
ಹತ್ತೊಂಬತ್ತು ಬಿಲ್ಲೆ ಕೆಡಿಸಿದ್ದೇನೆ,
ಇಪ್ಪತ್ತನೆಯದು ಕೋಳಿಯ ಕಣ್ಣಾಯಿತು.
ಕಲಿಯೋದು ಎಲ್ಲಿ, ಎಷ್ಟು ವರ್ಷ, ಫೀಸು ಯಾರು ಕಟ್ಟೋದು
ಒಂದೊಂದಾಗಿ ಕೇಳುತ್ತಿದ್ದೇನೆ.
ಕೆಲವಕ್ಕೆ ಆಚಾರಿಯ ಬಳಿ ಉತ್ತರವಿದೆ,
ಕೆಲವಕ್ಕೆ ಅವರು ಕುಂಚ ತೊಳೆಯುತ್ತಾರೆ.
ಐದನೇ ಕಿಟಕಿಯ ಅರ್ಜಿ ಬ್ಯಾಗಿನಲ್ಲೇ ಇದೆ,
ಹರಿದಿಲ್ಲ. ತುಂಬಿಲ್ಲ.

ಸಂಜೆ ರೈಲ್ವೆ ಗೇಟು ಬಿದ್ದಾಗ
ಬೈಕಿನವರು ಬೈದುಕೊಳ್ಳುತ್ತಾರೆ.
ನನಗೆ ಮಾತ್ರ ಗೂಡ್ಸು ಉದ್ದವಿರಲಿ ಅನ್ನಿಸುತ್ತದೆ.
ಎಷ್ಟೊಂದು ಕಣ್ಣು, ನಿಂತಲ್ಲೇ,
ಪಡುವಣ ಬಿಸಿಲಿಗೆ ತೆರೆದು:
ಒಂದೂ ಕಪ್ಪಲ್ಲ.

ಮನೆಯಲ್ಲಿ ಅಮ್ಮಿಗೆ ಹೇಳಲು ಹೋದೆ.
ನಮ್ಮ ಮಾತಿನಲ್ಲಿ ಅದಕ್ಕೆ ಹೆಸರಿಲ್ಲ,
ಕನ್ನಡದಲ್ಲೂ ಸಿಗಲಿಲ್ಲ.
ಸುಮ್ಮನೆ ಅವಳ ಗದ್ದ ಹಿಡಿದು
ದೀಪದ ಕಡೆ ತಿರುಗಿಸಿದೆ.
"ಏನೇ, ಹಂಗೆ ನೋಡ್ತೀಯ?
ಅದೂ ಕೂತ್ಕೊಂಡು ಮಾಡೋದೇ ತಾನೇ?"

ಹೂಂ ಅಮ್ಮಿ, ಕೂತ್ಕೊಂಡೇ.
ಉಸಿರು ಮಾತ್ರ ಹಿಡಿದಿರಬೇಕು.